ಜಾಲರಿಯ ಬಾಗಿಲು

ಮನೆಗೆ ಬಾಗಿಲನ್ನು ಇಡುವುದು ತೆರೆಯುವುದಕ್ಕೋ, ಮುಚ್ಚುವುದಕ್ಕೋ? ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿದ್ದರೆ, ಮಾಸ್ತರರಿಗೆ ಇಂದು ಪಾಠದ ಮೇಲೆ ಮನಸ್ಸಿಲ್ಲವೆಂದು ಹುಡುಗರು ನಗುತ್ತಿದ್ದರು. ಆದರೆ ಹಾನಗಲ್ಲಿನ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಮೂರು ತಿಂಗಳ ಕಾಲ ಊಟದ ಹೊತ್ತಿನ ವಾದವಾಗಿ ನಡೆಯಿತು. ಒಂದು ಪಕ್ಷಕ್ಕೆ ನನ್ನ ತಾಯಿ, ಇನ್ನೊಂದು ಪಕ್ಷಕ್ಕೆ ನನ್ನ ಮನೆಯವರು. ನಡುವೆ ಕನ್ನಡ ಎಂ.ಎ. ಮಾಡಿಕೊಂಡ ನಾನು, ಯಾರ ಉಪಯೋಗಕ್ಕೂ ಬಾರದ ಸಾಕ್ಷಿಯ ಹಾಗೆ ಅನ್ನ ಕಲಸುತ್ತ ಕುಳಿತಿರುತ್ತಿದ್ದೆ.

ವಾದಕ್ಕೆ ಕಾರಣವೇನೂ ಚಿಕ್ಕದಾಗಿರಲಿಲ್ಲ. 2024ರ ಮಳೆಗಾಲದಲ್ಲಿ ನಮ್ಮ ಆರು ವರ್ಷದ ಮಗಳಿಗೆ ಜ್ವರ ಬಂದಿತು. ಮೊದಲ ದಿನ ನೆಗಡಿಯ ಜ್ವರವೆಂದೆವು. ಎರಡನೆಯ ದಿನ ಕಣ್ಣಿನ ಹಿಂದೆ ನೋವು ಎಂದು ಅಳತೊಡಗಿದಳು. ಮೂರನೆಯ ದಿನ ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂಬುದು ಖಚಿತವಾಯಿತು. ಆ ಮೇಲಿನ ಐದು ದಿನಗಳನ್ನು ನಾನು ವರ್ಣಿಸಲಾರೆ. ದಿನಕ್ಕೆರಡು ಬಾರಿ ಬರುತ್ತಿದ್ದ ರಕ್ತದ ಲೆಕ್ಕದ ಚೀಟಿಯನ್ನು ಓದುವಾಗ, ಇಷ್ಟು ವರ್ಷ ನಾನು ಓದಿದ ಕಾವ್ಯವೆಲ್ಲ ಕೈಬಿಟ್ಟು, ಅಂಕೆಯೊಂದೇ ಭಾಷೆಯಾಗಿ ಉಳಿದಿತ್ತು. ದೇವರ ದಯದಿಂದ ಮಗು ಗುಣಮುಖಳಾದಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ನಮಗೆ ಆ ಅಧಿಸೂಚನೆ ಮನೆಗೇ ಬಂದು ಹೋಗಿತ್ತು.

ಮನೆಗೆ ಕಳುಹಿಸುವಾಗ ವೈದ್ಯರು ಕೇಳಿದ ಪ್ರಶ್ನೆ ಒಂದೇ: “ಹಗಲು ಹೊತ್ತು ನಿಮ್ಮ ಬಾಗಿಲು ತೆರೆದಿರುತ್ತದೆಯೇ?” ರಾತ್ರಿ ಸೊಳ್ಳೆಪರದೆ ಕಟ್ಟುತ್ತೇವೆಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ತಲೆಯಾಡಿಸಿದರು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನದು. ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚೆ ಅದರ ಕಾಟ ಹೆಚ್ಚು. ಮಲೇರಿಯದ ಅನಾಫಿಲಿಸ್ ಸಂಜೆಯಿಂದ ಬೆಳಗಿನವರೆಗಿನದು. ಅಂದರೆ ಒಂದರ ಪಾಳಿ ಮುಗಿಯುವ ಹೊತ್ತಿಗೆ ಇನ್ನೊಂದರ ಪಾಳಿ ಆರಂಭ. ಹಾಸಿಗೆಯ ಪರದೆ ಒಂದು ಪಾಳಿಗೆ ಸಾಕು. ಎರಡಕ್ಕೂ ಬೇಕಾದರೆ ಪರದೆ ಬಾಗಿಲಿಗೇ ಬರಬೇಕು.

ನಮ್ಮ ಮನೆಯವರು ಅಂದೇ ತೀರ್ಮಾನಿಸಿದರು: ತಲೆಬಾಗಿಲಿಗೆ ಜಾಲರಿ. ಅವ್ವ ಅಂದೇ ವಿರೋಧಿಸಿದಳು.

“ಸಂಜಿ ಮುಂದ ದೀಪಾ ಹಚ್ಚಿ ಬಾಗಲಾ ತಗದ ಇಡಬೇಕು ಯಪ್ಪಾ. ಜಾಳಗಿ ಬಡದು ಕುಂತ್ರ ಲಕ್ಷ್ಮಿ ಎಲ್ಲಿಂದ ಬರಬೇಕು? ಓಣ್ಯಾಗಿನ ಹೆಣಮಕ್ಕಳು ಬಂದ್ರ ಏನಂತಾರ? ಇವರ ಮನ್ಯಾಗ ಬರಬ್ಯಾಡಂತ ಬೋರ್ಡ್ ಹಾಕ್ಯಾರ ಅಂತಾರ.”

ನಕ್ಕು ತಳ್ಳಿಹಾಕುವ ಮಾತಲ್ಲ ಇದು. ನಮ್ಮ ಓಣಿಯಲ್ಲಿ ಬಾಗಿಲು ಮುಚ್ಚಿದ ಮನೆಯೆಂದರೆ ಒಂದೋ ಊರಿಗೆ ಹೋದವರ ಮನೆ, ಇಲ್ಲವೇ ಜಗಳವಾದವರ ಮನೆ. ಸಕ್ಕರೆ ಕೇಳಲು ಬರುವವರು, ಮೊಸರಿಗೆ ಹೆಪ್ಪು ಕೇಳಲು ಬರುವವರು ಯಾರೂ ಬಾಗಿಲು ಬಡಿದು ಬರುವುದಿಲ್ಲ. ಮಾತನಾಡುತ್ತಲೇ ಒಳಗೆ ಬರುತ್ತಾರೆ. ಅವರೊಡನೆ ಸೊಳ್ಳೆಯೂ ಬಂದರೆ ಯಾರನ್ನು ತಡೆಯಬೇಕು?

ಸೊಳ್ಳೆಗೂ ನಮ್ಮ ನಾಡಿಗೂ ಇರುವ ಸಂಬಂಧ ಹಳೆಯದು. ಹಾನಗಲ್ಲ ಎಂದರೆ ಕೆರೆಗಳ, ಭತ್ತದ ಗದ್ದೆಗಳ ಸೀಮೆ. ಪಡುವಲಿಗೆ ನಡೆದರೆ ಮಲೆನಾಡಿನ ಸೆರಗು. ನೀರು ನಿಂತಲ್ಲಿ ಬೆಳೆಯೂ ಉಂಟು, ಜ್ವರವೂ ಉಂಟು. 1945ರ ಸುಮಾರಿಗೆ, ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲದಲ್ಲಿ, ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಹಿಡಿತಕ್ಕೆ ತರುವ ಕಾರ್ಯ ಆರಂಭವಾಯಿತು. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರು ಮೊದಲ ವರ್ಷದ ಫಲವನ್ನು 1947ರಲ್ಲಿ ಪ್ರಕಟಿಸಿದರು. ಆಗ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಧಾರವಾಡ ಜಿಲ್ಲೆಯವು; ಸವಣೂರು ನವಾಬರ ಸಂಸ್ಥಾನ. ನಾಲ್ಕೂ ಹಾವೇರಿ ಜಿಲ್ಲೆಯಾಗಿ ಒಂದೆಡೆ ಸೇರಿದ್ದು 1997ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ದೇಶಕ್ಕೆಲ್ಲ ಮಲೇರಿಯ ನಿಯಂತ್ರಣದ ಯೋಜನೆಯೂ 1958ರಲ್ಲಿ ನಿರ್ಮೂಲನದ ಯೋಜನೆಯೂ ಬಂದವು. ಆದರೆ ಸೊಳ್ಳೆ ಜಾಣ ಜೀವಿ. ಔಷಧವನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು. ಅದು ಇಂದಿಗೂ ಅರಗಿಸಿಕೊಳ್ಳಲಾರದ ವಸ್ತುವೆಂದರೆ ತನ್ನ ಮೈಗಿಂತ ಕಿರಿದಾದ ರಂಧ್ರ.

ಈ ಸರಳ ಸತ್ಯಕ್ಕೂ ಪರೀಕ್ಷೆ ನಡೆದಿದೆ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡರು. ಜಗತ್ತು ಸುಲಭವಾಗಿ ನಂಬಲಿಲ್ಲ. 1900ರಲ್ಲಿ ಲೋ ಮತ್ತು ಸಾಂಬೊನ್ ಎಂಬ ವೈದ್ಯರು ಇಟಲಿಯ ರೋಮ್ ನಗರದ ಬಳಿಯ ಜ್ವರಪೀಡಿತ ಜೌಗು ಸೀಮೆಯಲ್ಲಿ, ಬಾಗಿಲು ಕಿಟಕಿಗಳಿಗೆಲ್ಲ ತಂತಿಯ ಜಾಲರಿ ಹೊಡೆದ ಮರದ ಗುಡಿಸಿಲೊಂದರಲ್ಲಿ ಜ್ವರದ ಋತುವನ್ನು ಕಳೆದರು. ಹಗಲು ಹೊರಗೆ ತಿರುಗಾಡಿ ಅಲ್ಲಿಯ ಗಾಳಿಯನ್ನೇ ಉಸಿರಾಡಿದರು. ಸಂಜೆಯಾಗುವ ಮುನ್ನ ಜಾಲರಿಯ ಒಳಗಾದರು. ಸುತ್ತಲಿನವರಿಗೆ ಜ್ವರ ಬಂದರೂ ಅವರಿಗೆ ಬರಲಿಲ್ಲ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂಬ ನಂಬಿಕೆಯನ್ನು ಒಂದು ಜಾಲರಿಯ ಬಾಗಿಲು ಹೀಗೆ ಹುಸಿಗೊಳಿಸಿತು.

ಅವ್ವನನ್ನು ಒಪ್ಪಿಸಲು ನಾನು ಇಟಲಿಗೆ ಹೋಗಲಿಲ್ಲ, ಉಡುಪಿಗೆ ಹೋದೆ. ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ಕೃಷ್ಣ ದರ್ಶನ ಕೊಟ್ಟದ್ದು ಬಾಗಿಲಿನಿಂದಲ್ಲ, ಕಿಂಡಿಯಿಂದ. ಬೇಲೂರಿನ ಗುಡಿಯ ಸುತ್ತ ಶಿಲ್ಪಿಗಳು ಕಲ್ಲಿನಲ್ಲೇ ಜಾಲಂಧ್ರಗಳನ್ನು ಕೊರೆದಿದ್ದಾರೆ: ಬೆಳಕು ಬರಬೇಕು, ಗಾಳಿ ಬರಬೇಕು, ಗೋಡೆಯೂ ಇರಬೇಕು. ತೂತಿದ್ದ ಮಾತ್ರಕ್ಕೆ ದೇವರು ಬರಲು ಸಂಕೋಚಪಡುವುದಿಲ್ಲವೆಂದು ವಾದಿಸಿದೆ. ಅವ್ವ ಒಪ್ಪಲಿಲ್ಲ; ಆದರೆ ಸುಮ್ಮನಾದಳು. ನಮ್ಮ ಮನೆಯಲ್ಲಿ ಇದನ್ನೇ ಒಪ್ಪಿಗೆ ಎನ್ನುತ್ತಾರೆ.

ಮುಂದಿನದು ನನ್ನ ಮೂರ್ಖತನದ ಕಥೆ. ಜಾಲರಿಯ ಕೆಲಸ ಮಾಡುವ ಅಂಗಡಿಯೊಂದಕ್ಕೆ ಹೇಳಿ ಕಳುಹಿಸಿದೆ. ಬಂದ ತರುಣನು ಚೌಕಟ್ಟಿನ ಮೇಲ್ಭಾಗದ ಅಗಲವನ್ನೂ ಒಂದು ಬದಿಯ ಎತ್ತರವನ್ನೂ ಅಳೆದು, ನಲವತ್ತೆರಡು, ಎಂಬತ್ತನಾಲ್ಕು ಎಂದು ಬರೆದುಕೊಂಡು ಹೊರಟುಹೋದನು. ಎರಡು ವಾರದ ಮೇಲೆ ಅಲ್ಯುಮಿನಿಯಂ ಚೌಕಟ್ಟಿನ ಹೊಳೆಯುವ ಬಾಗಿಲು ಬಂದಿತು. ಚೌಕಟ್ಟಿನೊಳಗೆ ಕೂರಲಿಲ್ಲ. ಹೊರಗಿನ ಗೋಡೆಗೇ ಹೊಡೆದು ಹೋದರು. ನಮ್ಮದು ಮಣ್ಣಿನ ಗೋಡೆ. ಅದರ ಉಬ್ಬುತಗ್ಗುಗಳ ನಡುವೆ ಬದಿಗಳಲ್ಲಿ ಸಂದು, ಕೆಳಗೆ ಒಂದು ಬೆರಳು ತೂರುವಷ್ಟು ಸಂದು. ಮೊದಲನೆಯ ಸಂಜೆಯೇ ಸೊಳ್ಳೆಗಳು ಅಲ್ಲಿಂದ ಒಳಗೆ ಬಂದು, ಹೊರಗೆ ಹೋಗುವ ದಾರಿ ಕಾಣದೆ ನಮ್ಮೊಡನೆಯೇ ಉಳಿದವು. ಅವ್ವ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಕೊನೆಗೆ ಓಣಿಯ ಬಡಿಗೇರ ಕಾಕಾ ಅವರನ್ನೇ ಕರೆತಂದೆ. ಅವರು ಬಾಗಿಲನ್ನು ನೋಡಿದ ಬಗೆ, ವೈದ್ಯರು ನನ್ನ ಮಗಳನ್ನು ನೋಡಿದ ಬಗೆಯಂತೆಯೇ ಇತ್ತು. ಅಗಲವನ್ನು ಮೂರು ಕಡೆ ಅಳೆದರು: ಮೇಲೆ 42 ಇಂಚು, ನಡುವೆ ಕಾಲಿಂಚು ಕಡಿಮೆ, ಕೆಳಗೆ ಅರ್ಧ ಇಂಚು ಕಡಿಮೆ. ಎತ್ತರವನ್ನು ಎರಡೂ ಬದಿಗೆ ಅಳೆದರು. ಆ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದರು: ಒಂದು ಕರ್ಣ 94 ಇಂಚು, ಇನ್ನೊಂದು ಮುಕ್ಕಾಲು ಇಂಚು ಕಡಿಮೆ.

“ಮಾಸ್ತರ್ರ, ನಿಮ್ಮ ಚೌಕಟ್ಟು ಚೌಕ ಇಲ್ಲ. ನೂರು ವರ್ಷ ಗ್ವಾಡಿ ಹೊತ್ತೈತಿ, ಒಂದ ಕಡೆ ವಾಲೇತಿ. ಬಾಗಲಾ ಅದರ ಮೈಗೆ ಹೊಲೀಬೇಕು, ಅಂಗಿ ಹೊಲದ್ಹಂಗ.”

ಆಮೇಲೆ ಹೊಸ್ತಿಲ ಮುಂದೆ ಕುಳಿತು ಕೈಯಾಡಿಸಿದರು. ತಲೆಮಾರುಗಳ ಪಾದ ತಾಗಿ ಹೊಸ್ತಿಲು ನಡುವೆ ಸವೆದು ತಗ್ಗಾಗಿತ್ತು. ಕೆಳಗಿನ ಸಂದಿನ ರಹಸ್ಯ ಅದು. ದಿನವೂ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುವ ಹೊಸ್ತಿಲಿಗೆ ಉಳಿ ತಾಗಿಸುವ ಮಾತೇ ಇಲ್ಲ. ಕಾಕಾ ಸಾಗವಾನಿಯ ಕೆಳಪಟ್ಟಿಯನ್ನೇ ಆ ತಗ್ಗಿಗೆ ಸರಿಯಾಗಿ ಹೊಟ್ಟೆ ಬಿಟ್ಟು ಕೆತ್ತಿ, ಅದರ ಹೊರಮುಖಕ್ಕೆ ಬ್ರಶ್ಶಿನ ಪಟ್ಟಿ ಹೊಡೆದರು. ತಾನಾಗಿಯೇ ಮುಚ್ಚಿಕೊಳ್ಳಲು ಸ್ಪ್ರಿಂಗ್ ಬಿಜಾಗರಿ. ಮಗುವಿನ ಕೈಗೂ ಅವ್ವನ ಕೈಗೂ ಎಟಕುವಂತೆ ಸಣ್ಣದೊಂದು ಚಿಲಕ. ಹಳೆಯ ಎರಡು ಕದಗಳು ಒಳಕ್ಕೆ ತೆರೆಯುವುದರಿಂದ ಜಾಲರಿಯ ಬಾಗಿಲು ಹೊರಕ್ಕೆ ತೆರೆಯುವುದು ಸಹಜವಾಯಿತು. ಅದಕ್ಕೆ ಬೀಗ ಹಾಕಬಾರದೆಂದೂ ಕಾಕಾ ಹೇಳಿದರು: ಬೆಂಕಿಯೋ ಮತ್ತೊಂದೋ ಆದರೆ ಒಂದೇ ತಳ್ಳಿಗೆ ಹೊರಗೆ ಬರುವಂತಿರಬೇಕು.

ಈ ಅನುಭವದಿಂದ ನಾನು ಬಂಧುಗಳ ವಲಯದಲ್ಲಿ ಜಾಲರಿಯ ಪಂಡಿತನಾದೆ. ಶಿಗ್ಗಾಂವಿಯಲ್ಲಿ ಹೆದ್ದಾರಿಯ ಬಳಿ ಮನೆ ಮಾಡಿರುವ ಗೆಳೆಯರಿಗೆ ಸೊಳ್ಳೆಗಿಂತ ಧೂಳಿನ ಚಿಂತೆ. ಮಡಿಕೆಯಾಗಿ ಸರಿಯುವ ನೆರಿಗೆ ಜಾಲರಿ ಅವರ ಕಣ್ಣಿಗೆ ಅಂದವಾಗಿ ಕಂಡಿತ್ತು. ಆದರೆ ಅದರ ನೆರಿಗೆಯಲ್ಲೂ ಕೆಳಗಿನ ಹಳಿಯಲ್ಲೂ ಧೂಳು ಕೂರುತ್ತದೆ. ಕಳಚಿ ತೊಳೆಯಬಹುದಾದ ಸಾದಾ ಚೌಕಟ್ಟು ಲೇಸೆಂದೆ. ಸವಣೂರಿನ ಅಕ್ಕನ ಮನೆಯಲ್ಲಿ ಎರಡು ಬೆಕ್ಕುಗಳು. ಅಗ್ಗದ ಫೈಬರ್‌ಗ್ಲಾಸ್ ಜಾಲರಿ ಅವುಗಳ ಉಗುರಿಗೆ ಒಂದು ತಿಂಗಳೂ ಬಾಳಲಿಲ್ಲ. ಅಲ್ಲಿ ತುಕ್ಕು ಹಿಡಿಯದ ಉಕ್ಕಿನ ಜಾಲರಿಯೇ ಬೇಕಾಯಿತು. ಹಿರೇಕೆರೂರಿನಲ್ಲಿರುವ ನನ್ನ ಭಾವಮೈದುನನದು ಬಾಡಿಗೆಯ ಮನೆ. ಮಾಲೀಕರು ಗೋಡೆಗೆ ಮೊಳೆ ಹೊಡೆಯಗೊಡರು. ಅಂಥವರಿಗೆ ನಡುವೆ ಅಯಸ್ಕಾಂತ ಹೊಲಿದ ಪರದೆ ಉಂಟು. ಅಂಟುಪಟ್ಟಿಯಿಂದ ನಿಲ್ಲುತ್ತದೆ, ಮನೆ ಬಿಡುವಾಗ ಮಡಚಿಕೊಂಡು ಹೋಗಬಹುದು. ಬಲವಾದ ಗಾಳಿಗೆ ಅದು ಬಾಯಿ ಬಿಡುತ್ತದೆಂಬುದನ್ನು ಮಾತ್ರ ತಿಳಿದಿರಬೇಕು.

ರಂಧ್ರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಇಂಚಿಗೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಎಳೆಗಳಿರುವ ಜಾಲರಿ ಸೊಳ್ಳೆಗೆ ಸಾಕು. ಅದರ ಕಣ್ಣು ಸುಮಾರು 1.2 ಮಿಲಿಮೀಟರು. ಇನ್ನೂ ಸಣ್ಣ ನೊರಜುಗಳನ್ನು ತಡೆಯಬೇಕಾದರೆ ಕಣ್ಣು ಇನ್ನೂ ಕಿರಿದಾಗಬೇಕು. ಆದರೆ ಕಣ್ಣು ಕಿರಿದಾದಷ್ಟು ಗಾಳಿಯೂ ಕಿರಿದಾಗುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ಸೆಖೆಯಲ್ಲಿ ಇದು ಅಲ್ಪ ವಿಷಯವಲ್ಲ. ದರವನ್ನು ಚದರಡಿಯ ಲೆಕ್ಕದಲ್ಲಿ ಹೇಳುತ್ತಾರೆ. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲೆಂದರೆ ಇಪ್ಪತ್ತನಾಲ್ಕೂವರೆ ಚದರಡಿ. ಆ ದರದಲ್ಲಿ ಚೌಕಟ್ಟು, ಬಿಜಾಗರಿ, ಕೂರಿಸುವ ಕೂಲಿ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅಳೆಯಲು ಬಂದವರು ಕರ್ಣವನ್ನು ಅಳೆಯದೆ ಎದ್ದರೆ, ಒಂದು ಬಟ್ಟಲು ಚಹಾ ಕೊಟ್ಟಾದರೂ ಮತ್ತೆ ಕೂರಿಸಿ ಅಳೆಯಿಸಿ.

ಇಷ್ಟೆಲ್ಲ ಮಾಡಿಯೂ ಮನೆಯೊಳಗೇ ಸೊಳ್ಳೆ ಹುಟ್ಟಿದರೆ ಜಾಲರಿ ಅದಕ್ಕೆ ಸೆರೆಮನೆಯಲ್ಲ, ಅರಮನೆ. ನಲ್ಲಿಯ ನೀರು ಬಾರದ ದಿನಗಳಿಗೆಂದು ನಾವು ಪೀಪಾಯಿಗಳಲ್ಲಿ ತುಂಬಿಡುವ ತಿಳಿನೀರೇ ಈಡಿಸ್‌ನ ತವರು. ವಾರಕ್ಕೊಮ್ಮೆ ಪೀಪಾಯಿಯನ್ನು ಬರಿದು ಮಾಡಿ ಉಜ್ಜಬೇಕು, ಬಾಯಿಗೆ ಬಿಗಿಯಾದ ಬಟ್ಟೆ ಕಟ್ಟಬೇಕು. ನಮ್ಮ ಮಗಳನ್ನು ಕಚ್ಚಿದ್ದು ಓಣಿಯ ಸೊಳ್ಳೆಯೋ, ನಮ್ಮದೇ ಹಿತ್ತಿಲ ಪೀಪಾಯಿಯದೋ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೇಳಿಲ್ಲ. ಪೀಪಾಯಿಯನ್ನು ಮಾತ್ರ ಪ್ರತಿ ರವಿವಾರ ನಾನೇ ತೊಳೆಯುತ್ತೇನೆ.

ಕಾಕಾ ಬಾಗಿಲು ಕೂರಿಸಿ ಹೋದ ದಿನ ಸಂಜೆ ಅವ್ವ ಎಂದಿನಂತೆ ದೀಪ ಹಚ್ಚಿದಳು. ಕದಗಳೆರಡನ್ನೂ ಪೂರ್ತಿ ತೆರೆದಳು. ಜಾಲರಿ ಮಾತ್ರ ಮುಚ್ಚಿತ್ತು. ಆಮೇಲೆ ಏನನ್ನಿಸಿತೋ, ಅದನ್ನು ತಳ್ಳಿಕೊಂಡು ಹೊರಗೆ ಹೋಗಿ, ಓಣಿಯ ಆಚೆ ಬದಿಯಲ್ಲಿ ನಿಂತು ನಮ್ಮ ಮನೆಯನ್ನು ನೋಡಿದಳು. ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಜಾಲರಿ ಕಪ್ಪಾಗಿ ಒಳಗೇನೂ ಕಾಣದು. ಕತ್ತಲಾಗಿ ಒಳಗೆ ಬೆಳಕಿದ್ದರೆ ಜಾಲರಿಯೇ ಕಾಣದು. ಎದುರು ಮನೆಯ ಗಂಗಕ್ಕ ಹೊರಬಂದು ಏನಾಯಿತೆಂದು ಕೇಳಿದಳು.

“ಏನಿಲ್ಲವಾ, ದೀಪಾ ಕಾಣತೈತೋ ಇಲ್ಲೋ ನೋಡಾಕ ಬಂದಿದ್ದೆ,” ಎಂದಳು ಅವ್ವ. “ಕಾಣತೈತಿ. ಬಾ ಒಳಗ.”

ಗಂಗಕ್ಕ ಮಾತನಾಡುತ್ತಲೇ ಬಾಗಿಲನ್ನು ತಳ್ಳಿ ಒಳಗೆ ಬಂದಳು. ಅವರ ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.