ಚಿನ್ನದ ತಕ್ಕಡಿಗೆ ತಕ್ಕ ಬಟ್ಟು

ತುಮಕೂರಿನ ಚಿಕ್ಕಪೇಟೆಯಲ್ಲಿ ಮದುವೆಯ ಒಡವೆ ಕೊಳ್ಳಲು ಕೂತವರು ಇವತ್ತಿನ ದರ ಕೇಳುತ್ತಾರೆ, ಮಜೂರಿಯಲ್ಲಿ ಚೌಕಾಸಿ ಮಾಡುತ್ತಾರೆ, ಹಾಲ್‌ಮಾರ್ಕ್ ಇದೆಯೇ ಎಂದು ತಿರುಗಿಸಿ ನೋಡುತ್ತಾರೆ. ತಕ್ಕಡಿ ಸರಿಯಿದೆಯೇ ಎಂದು ಕೇಳುವವರು ಅಪರೂಪ. ಗಾಜಿನ ಗೂಡಿನೊಳಗೆ ಅಂಕಿ ನಿಂತಿತೆಂದರೆ ಮಾತು ಮುಗಿಯಿತು. ಗುಬ್ಬಿ, ಕುಣಿಗಲ್‌ನಲ್ಲೂ ಇದೇ ರೂಢಿ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯವಾಗಿದೆ. ಒಳ್ಳೆಯ ಕ್ರಮವೇ. ಆದರೆ ಅದು ಖಾತ್ರಿ ಕೊಡುವುದು ಚಿನ್ನದ ಶುದ್ಧತೆಗೆ. ತೂಕಕ್ಕೆ ಜಾಮೀನು ತಕ್ಕಡಿ, ತಕ್ಕಡಿಗೆ ಜಾಮೀನು ಬಟ್ಟು. ತಕ್ಕಡಿಗೆ ಹತ್ತಾರು ಸಾವಿರ ಸುರಿಯುವ ಅಂಗಡಿಯೂ ಬಟ್ಟಿನ ವಿಷಯಕ್ಕೆ ಬಂದಾಗ ಸಿಕ್ಕಿದ್ದನ್ನು ಇಟ್ಟುಕೊಂಡರೆ ಆ ಜಾಮೀನಿಗೆ ಬೆಲೆಯಿಲ್ಲ.

ಹಳೆಯ ಎರಡು ತಟ್ಟೆಯ ತಕ್ಕಡಿಗೆ ಊರು ಬದಲಾದರೂ ತೊಂದರೆ ಇರಲಿಲ್ಲ. ಭೂಮಿಯ ಸೆಳೆತ ಎರಡೂ ತಟ್ಟೆಗೆ ಒಂದೇ. ಎಲೆಕ್ಟ್ರಾನಿಕ್ ತಕ್ಕಡಿ ಹಾಗಲ್ಲ. ಅದು ಗ್ರಹಿಸುವುದು ವಸ್ತು ಕೆಳಕ್ಕೆ ಒತ್ತುವ ಬಲವನ್ನು. ಆ ಬಲ ದೆಹಲಿಗಿಂತ ನಮ್ಮ ಸೀಮೆಯಲ್ಲಿ ಕಡಿಮೆ. ನಾವು ಸಮಭಾಜಕ ವೃತ್ತಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಎತ್ತರ. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ದೆಹಲಿಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ಹಾಗೆಯೇ ತಂದು ತುಮಕೂರಿನ ಅಂಗಡಿಯಲ್ಲಿ ಇಟ್ಟರೆ 100 ಗ್ರಾಂ ಚಿನ್ನಕ್ಕೆ ಸುಮಾರು 99.9 ಗ್ರಾಂ ತೋರಿಸುತ್ತದೆ. ಗ್ರಾಂಗೆ 10 ಸಾವಿರ ರೂಪಾಯಿ ಲೆಕ್ಕ ಹಿಡಿದರೂ ಅಲ್ಲಿಗೆ ಸಾವಿರ ರೂಪಾಯಿಯ ವ್ಯತ್ಯಾಸ. ಕೊಳ್ಳುವವರಿಗೆ ಅದು ಲಾಭವೇ ಇರಬಹುದು; ಹಳೆ ಚಿನ್ನ ಮಾರಲು ಬಂದವರಿಗೆ, ಬಿತ್ತನೆ ಖರ್ಚಿಗೆಂದು ಸರ ಅಡವಿಡಲು ಬಂದ ರೈತನ ಮನೆಯವರಿಗೆ ನಷ್ಟ. ಆದ್ದರಿಂದ ತಕ್ಕಡಿ ಯಾವ ಊರಲ್ಲಿ ಕೂರುತ್ತದೋ ಆ ಊರಲ್ಲೇ, ನಂಬಿಕಸ್ಥ ಬಟ್ಟಿನಿಂದಲೇ ಅದನ್ನು ಸರಿಹೊಂದಿಸಬೇಕು.

ನಂಬಿಕಸ್ಥ ಬಟ್ಟು ಯಾವುದು? ಅಂತರರಾಷ್ಟ್ರೀಯ ಕಾನೂನು ಮಾಪನಶಾಸ್ತ್ರ ಸಂಸ್ಥೆ ಬಟ್ಟುಗಳಿಗೆ ದರ್ಜೆ ಕಟ್ಟಿದೆ. 100 ಗ್ರಾಂ ಬಟ್ಟು ಎಂ1 ದರ್ಜೆಯದಾದರೆ 5 ಮಿಲಿಗ್ರಾಂವರೆಗೆ ಹೆಚ್ಚು-ಕಡಿಮೆ ಇರಬಹುದು. ಎಫ್2 ಆದರೆ 1.6, ಎಫ್1 ಆದರೆ 0.5, ಇ2 ಆದರೆ 0.16 ಮಿಲಿಗ್ರಾಂ. ಇನ್ನೊಂದು ಮಾತು ನೆನಪಿಟ್ಟರೆ ಆಯ್ಕೆ ಸುಲಭ: ತಕ್ಕಡಿಗೆ ಒಪ್ಪಿತವಾದ ತಪ್ಪಿನ ಮೂರನೇ ಒಂದು ಪಾಲನ್ನು ಬಟ್ಟಿನ ತಪ್ಪು ಮೀರಬಾರದು. ಪರಿಶೀಲನೆಯ ವಿಭಾಗ, ಅಂದರೆ ತಪ್ಪಿನ ಮಿತಿಯನ್ನು ಲೆಕ್ಕಹಾಕುವ ಮೂಲ ಅಳತೆ, 10 ಮಿಲಿಗ್ರಾಂ ಇರುವ ಎರಡನೇ ದರ್ಜೆಯ ತಕ್ಕಡಿಯಲ್ಲಿ 100 ಗ್ರಾಂ ಇಟ್ಟಾಗ ಇಲಾಖೆ ಪರೀಕ್ಷಿಸಿ ಮುದ್ರೆ ಹಾಕುವ ವೇಳೆ 10 ಮಿಲಿಗ್ರಾಂ ತಪ್ಪಿಗೆ ಅವಕಾಶವಿದೆ. ಅದರ ಮೂರನೇ ಒಂದು ಪಾಲು 3.3. ಎಂ1 ಬಟ್ಟು ಅಲ್ಲಿಗೇ ಬಿದ್ದುಹೋಯಿತು, ಎಫ್2 ಸಾಕು. ಇ2ಗೆ ದುಡ್ಡು ಸುರಿಯುವ ಅಗತ್ಯ ಚಿನ್ನದಂಗಡಿಗೆ ಇಲ್ಲ, ಅದು ಪ್ರಯೋಗಾಲಯದ ಸರಕು.

ಮಂಡಿಯ ಕಥೆಯೇ ಬೇರೆ. ಅಡಿಕೆ, ಕೊಬ್ಬರಿ ಮೂಟೆ ತೂಗುವ ತಕ್ಕಡಿಗೆ ಎಂ1 ದರ್ಜೆಯ 20 ಕಿಲೋ ಬಟ್ಟು ಧಾರಾಳ. ಅದರ ಮಿತಿ 1 ಗ್ರಾಂ, ಮೂಟೆಯ ಲೆಕ್ಕದಲ್ಲಿ ಏನೂ ಅಲ್ಲ.

ದರ್ಜೆ ಸರಿಯಿದ್ದರೂ ಕೈ ಸರಿಯಿಲ್ಲದಿದ್ದರೆ ಬಟ್ಟು ಕೆಡುತ್ತದೆ. ಒಳ್ಳೆಯ ಬಟ್ಟು ಮಕಮಲ್ ಹಾಸಿದ ಡಬ್ಬಿಯ ಕುಳಿಯಲ್ಲಿ ಕೂತಿರುತ್ತದೆ, ಪಕ್ಕದಲ್ಲೇ ಒಂದು ಚಿಮಟ. ಬರಿಗೈಯಲ್ಲಿ ಎತ್ತಿದರೆ ಬೆರಳಿನ ಜಿಡ್ಡು, ಬೆವರು ಅಂಟುತ್ತದೆ. ಹಿತ್ತಾಳೆ ಬಟ್ಟನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳಪಿನ ಜೊತೆ ಲೋಹವೂ ಸವೆಯುತ್ತದೆ. ಆಯುಧಪೂಜೆಯ ದಿನ ತಕ್ಕಡಿಗೂ ಬಟ್ಟಿಗೂ ಅರಿಶಿನ ಕುಂಕುಮ ಹಚ್ಚುವುದು ನಮ್ಮ ವ್ಯಾಪಾರಿಗಳ ಭಕ್ತಿ. ಚಿಟಿಕೆ ಕುಂಕುಮವೂ ಹಲವು ಮಿಲಿಗ್ರಾಂ ತೂಗುತ್ತದೆ. ಬೊಟ್ಟನ್ನು ಡಬ್ಬಿಯ ಮುಚ್ಚಳಕ್ಕೆ ಇಟ್ಟರೆ ಪೂಜೆಗೂ ಕೊರತೆಯಾಗದು, ತೂಕಕ್ಕೂ.

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮಗಳಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ಬಟ್ಟಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಮುದ್ರೆಗಳ ನಡುವಿನ ಅಷ್ಟು ದಿನವನ್ನು ಕಾಯುವುದು ಅಂಗಡಿಯವರ ಕೈಯಲ್ಲಿರುವ ಬಟ್ಟು ಮಾತ್ರ. ಬೆಳಿಗ್ಗೆ ಬಾಗಿಲು ತೆಗೆದು, ತಕ್ಕಡಿಯ ಮಟ್ಟದ ಗುಳ್ಳೆ ನಡುವೆ ಬಂದಿದೆಯೇ ನೋಡಿ, ಯಂತ್ರ ಬೆಚ್ಚಗಾದ ಮೇಲೆ ಒಮ್ಮೆ ಬಟ್ಟು ಇಟ್ಟು ನೋಡಲು ಎರಡು ನಿಮಿಷ ಸಾಕು. ತಪ್ಪು ಕಂಡರೆ ಸೀಲು ಒಡೆದು ತಾವೇ ತಿದ್ದಬಾರದು. ಪರವಾನಗಿ ಪಡೆದ ರಿಪೇರಿಯವರನ್ನು ಕರೆಸಿ, ಮತ್ತೆ ಮುದ್ರೆ ಹಾಕಿಸಬೇಕು.

ನಿಖರತೆ ಈ ಜಿಲ್ಲೆಗೆ ಹೊಸದಲ್ಲ. ತುಮಕೂರಿನ ಎಚ್‌ಎಂಟಿಯಲ್ಲಿ ದಶಕಗಳ ಕಾಲ ಕೈಗಡಿಯಾರಗಳು ತಯಾರಾದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬಟ್ಟುಗಳನ್ನು ಪರೀಕ್ಷಿಸುವ ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯ ಬೆಂಗಳೂರಿನಲ್ಲೇ ಇದೆ, ಕುಣಿಗಲ್‌ನಿಂದ ಒಂದೆರಡು ಗಂಟೆಯ ದಾರಿ. ಸೌಲಭ್ಯವಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಚಿನ್ನದ ವರ್ತಕರು ಎಫ್2 ದರ್ಜೆಯ ಒಂದು ಬಟ್ಟನ್ನು ಪ್ರಮಾಣಪತ್ರದ ಸಮೇತ ಗಿರಾಕಿಗೆ ಕಾಣುವಂತೆ ಗಲ್ಲಾಪೆಟ್ಟಿಗೆಯ ಮೇಲೆ ಇಡಲಿ. ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗಳು ಮದುವೆ ಕಾಲಕ್ಕೆ ಮೊದಲೇ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಪೇಟೆಗಳಲ್ಲಿ ತಪಾಸಣೆ ಮಾಡಲಿ. ಕೊಳ್ಳುವವರು, ಮಾರುವವರು, ಅಡವಿಡುವವರು ಒಡವೆ ತಟ್ಟೆಗೆ ಬೀಳುವ ಮುನ್ನ "ಬಟ್ಟು ಇಟ್ಟು ತೋರಿಸಿ" ಎಂದು ಸಂಕೋಚವಿಲ್ಲದೆ ಕೇಳಿ. ತೋರಿಸಲು ಒಪ್ಪದಿದ್ದರೆ ಬಿಲ್ಲಿನೊಂದಿಗೆ ಇಲಾಖೆಗೆ ದೂರು ಕೊಡಿ.