ಗದ್ದೆಗೂ ಒಂದು ಪಾಲು ಕೊಡಿ

ಕೊಡಗಿನಲ್ಲಿ ಈಗ ಭತ್ತ ಬೆಳೆಯುವವನನ್ನು ನೆಂಟರೇ ಮರುಕದಿಂದ ನೋಡುತ್ತಾರೆ. ಲೆಕ್ಕ ಹಾಕಿದರೆ ಅವರದೂ ತಪ್ಪಲ್ಲ. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಎಕರೆಗೆ 20 ಕ್ವಿಂಟಲ್ ಬಂತು, ಅಷ್ಟೂ ಆ ಬೆಲೆಗೇ ಹೋಯಿತು ಎಂದಿಟ್ಟುಕೊಳ್ಳಿ: 47,380 ರೂಪಾಯಿ. ಉಳುಮೆ, ನಾಟಿ, ಕೊಯ್ಲಿನ ಕೂಲಿ ಅದರಲ್ಲೇ ಕಳೆಯಬೇಕು. ತೆನೆ ಕಟ್ಟುವ ಹೊತ್ತಿಗೆ ಇಳಿದು ಬರುವ ಆನೆ, ಹಂದಿಗಳ ಪಾಲು ಬೇರೆ. ಅದೇ ಗದ್ದೆಯ ಬದಿಯ ಹೋಂಸ್ಟೇಯಲ್ಲಿ ಒಂದೇ ಕೋಣೆ, ರಾತ್ರಿಗೆ 5,000ದಂತೆ ಹಿಡಿದರೂ, ಹತ್ತು ರಾತ್ರಿಯಲ್ಲಿ ಇದನ್ನು ಮೀರಿಸುತ್ತದೆ. ಇಂಥ ಲೆಕ್ಕ ಮುಂದಿರುವಾಗ ಗದ್ದೆ ಪಾಳು ಬಿಡಬೇಡಿ ಎನ್ನಲು ಯಾರಿಗೆ ಬಾಯಿ ಬಂದೀತು?

ಬೆಳೆಗಾರನಿಗೆ ಅದನ್ನು ಹೇಳುವ ಹಕ್ಕು ನಮಗಿಲ್ಲ, ಅವನ ಗದ್ದೆಯ ಋಣವನ್ನು ನಾವು ತೀರಿಸುವವರೆಗೆ.

ಏನು ಋಣ? ಎರಡು ಗುಡ್ಡಗಳ ನಡುವೆ, ತೋಡಿನ ಪಕ್ಕ, ಏರಿ ಕಟ್ಟಿದ ಗದ್ದೆ ಮುಂಗಾರಿನ ನೀರನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸುತ್ತದೆ. ಮಣ್ಣಿಗಿಳಿದ ಆ ನೀರೇ ಬಾವಿಗೆ, ತೋಡಿಗೆ, ಹೊಳೆಗೆ. ಆ ಹೊಳೆಗಳೆಲ್ಲ ಕೂಡಿ ಕಾವೇರಿ. ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪು ಮಾಡಿಸಿಕೊಂಡು ಬೆಂಗಳೂರು ಕುಡಿಯುವುದು ಇದೇ ನೀರು. ವಾರಾಂತ್ಯಕ್ಕೆ ಕಾರು ಹತ್ತಿ ಮಡಿಕೇರಿಗೆ ಬರುವವರು, ಬಾಲ್ಕನಿಯಲ್ಲಿ ನಿಂತು ಫೋಟೋ ತೆಗೆಯುವ ಹಸಿರೂ ಇದೇ. ಕೋಣೆಗೆ ದುಡ್ಡು ಕೊಡುತ್ತಾರೆ, ಕಾಫಿಗೆ ಕೊಡುತ್ತಾರೆ, ಜೀಪಿಗೆ ಕೊಡುತ್ತಾರೆ. ಗದ್ದೆಗೆ ಮಾತ್ರ ಯಾರೂ ಕೊಡುವುದಿಲ್ಲ.

ಹೋಂಸ್ಟೇಗಳನ್ನು ಬೈದು ಮುಗಿಸುವುದು ಸುಲಭ, ನಾನು ಬೈಯಲಾರೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಬ್ಯಾಂಕಿನ ಸಾಲ ತಲೆಯ ಮೇಲಿತ್ತು. ಆಗ ಹಳೆಯ ಮನೆಯ ಎರಡು ಕೋಣೆ ಸುಣ್ಣ ಬಳಿದು, ಅತಿಥಿಗೆ ಅಕ್ಕಿರೊಟ್ಟಿ, ಪಂದಿಕರಿ ಬಡಿಸಿ ಎಷ್ಟೋ ಸಂಸಾರಗಳು ತೋಟ ಉಳಿಸಿಕೊಂಡವು. ಅಡುಗೆಮನೆಯ ಹೆಂಗಸರ ದುಡಿಮೆ ಅದು, ಗೌರವಕ್ಕೆ ತಕ್ಕದ್ದು. ಆಮೇಲೆ ಬಂದದ್ದು ಬೇರೆಯೇ ವ್ಯಾಪಾರ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು; ಒಕ್ಕಲುತನದ ಗಂಧವಿಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದಾಯಿತು. ಹಾಗೆ ಕೊಂಡವನಿಗೆ ಗದ್ದೆ ಎಂದರೆ ಮಣ್ಣು ತುಂಬಿಸಿ ಸಮ ಮಾಡಬೇಕಾದ ತಗ್ಗು, ಅಷ್ಟೇ.

ತುಂಬಲು ಮಣ್ಣು ಎಲ್ಲಿಂದ? ಗುಡ್ಡದಿಂದ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಗುಡ್ಡಗಳು ಕುಸಿದು ಬಂದವು. ಮಳೆ ವಿಪರೀತವಿತ್ತು, ನಿಜ. ಆದರೆ ರಸ್ತೆಗೂ ಕಟ್ಟಡಕ್ಕೂ ಮನಸ್ಸಿಗೆ ಬಂದಂತೆ ಇಳಿಜಾರು ಕಡಿದದ್ದನ್ನು ಭೂವಿಜ್ಞಾನಿಗಳೂ ಎತ್ತಿ ತೋರಿಸಿದರು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಜಾರಿತು. ಜೆಸಿಬಿಗಳು ಮಾತ್ರ ನಿಂತಿಲ್ಲ.

ಸುಗ್ಗಿಹಬ್ಬ ಹುತ್ತರಿಯ ದಿನ ಕದಿರು ತೆಗೆಯಲು ಸ್ವಂತ ಗದ್ದೆಯಿಲ್ಲದೆ ಪಕ್ಕದವರ ಗದ್ದೆಗೆ ಹೋಗುವ ಮನೆಗಳಿವೆ. ಆ ಪಕ್ಕದವರೂ ನಿಲ್ಲಿಸಿದರೆ? ಹಬ್ಬಕ್ಕೆ ಕದಿರನ್ನು ಮೈಸೂರಿನ ಮಾರುಕಟ್ಟೆಯಿಂದ ತರಿಸೋಣವೇ?

ಬೇಕಾದದ್ದು ಇಷ್ಟು. ಬಾಡಿಗೆಗೆ ಹೋದ ಪ್ರತಿ ಕೋಣೆಯಿಂದ ರಾತ್ರಿಗೆ 100 ರೂಪಾಯಿ ಗ್ರಾಮ ಪಂಚಾಯಿತಿಯ ಗದ್ದೆ ನಿಧಿಗೆ ಬರಲಿ. ವರ್ಷಕ್ಕೆ 150 ರಾತ್ರಿ ತುಂಬುವ ಒಂದು ಕೋಣೆಯಿಂದ 15,000 ಆಯಿತು. ಅದು ನಾಟಿ ಮಾಡುವ ಗದ್ದೆಗೆ ಮಾತ್ರ ಸಲ್ಲಲಿ, ಎಕರೆ ಲೆಕ್ಕದಲ್ಲಿ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಕೆಸರಿಗಿಳಿದು ಬೆಳೆದವನಿಗೆ, ತೋಟದ ಲೈನ್ ಮನೆಯ ಎರವ ಆಳಾದರೂ ಸರಿ, ಅದರಲ್ಲಿ ಭಾಗವಿರಲಿ. ಇದು ಹುಚ್ಚು ಮಾತಲ್ಲ. ಪಕ್ಕದ ಕೇರಳ 2008ರಲ್ಲೇ ಭತ್ತದ ಗದ್ದೆಗಳನ್ನು ಉಳಿಸಲು ಕಾಯ್ದೆ ಮಾಡಿತು. 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ 2,000 ರೂಪಾಯಿ ಗೌರವಧನ ಶುರು ಮಾಡಿತು. ಮೊತ್ತ ಸಣ್ಣದು, ನಾಟಿಯ ದಿನ ಆಳುಗಳ ಊಟಕ್ಕೂ ಸಾಲದು. ಆದರೂ ಗದ್ದೆ ಊರಿಗೆ ಮಾಡುವ ಕೆಲಸಕ್ಕೆ ಬೆಲೆ ಇದೆಯೆಂದು ಒಂದು ಸರ್ಕಾರ ಒಪ್ಪಿಕೊಂಡಿತಲ್ಲ.

ಅಧಿಕಾರಿಗಳೇ, ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ ಅರ್ಜಿ ಬಂದಾಗ ಒಮ್ಮೆ ಗದ್ದೆಯ ಏರಿ ಮೇಲೆ ನಡೆದು ನೋಡಿ ಸಹಿ ಹಾಕಿ. ಹೋಂಸ್ಟೇ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ಅತಿಥಿಯ ತಟ್ಟೆಗೆ ಊರಿನ ಅಕ್ಕಿ ಬಡಿಸಿ, ನಾಲ್ಕು ಕಾಸು ಹೆಚ್ಚೇ ಕೇಳಿ. ಬೆಂಗಳೂರಿನಿಂದ ಬರುವವರೇ, ಬುಕ್ ಮಾಡುವ ಮುಂಚೆ ಫೋನಿನಲ್ಲಿ ಕೇಳಿ: ನಿಮ್ಮ ಗದ್ದೆಯಲ್ಲಿ ಈ ಸಲ ನಾಟಿ ಆಗಿದೆಯೇ? ಆಗಿಲ್ಲವೆಂದರೆ ಆಗಿರುವ ಮನೆ ಹುಡುಕಿ. ಪಂಚಾಯಿತಿ ಸದಸ್ಯರು ಮುಂದಿನ ಗ್ರಾಮಸಭೆಯಲ್ಲೇ ಈ ನೂರು ರೂಪಾಯಿಯ ಠರಾವು ಮಂಡಿಸಲಿ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು, ಬಿತ್ತನೆ ಬೀಜ ಕೊಳ್ಳುವ ಹೊತ್ತಿಗೆ, ಮೊದಲ ಕಂತು ರೈತನ ಖಾತೆಯಲ್ಲಿರಬೇಕು.