ಚಿತ್ರ ಬರೆದವನ ಹೆಸರು ತಿಳಿಯದು

ಹಳೆಯ ಜಲವರ್ಣ ಚಿತ್ರವೊಂದರ ಅಚ್ಚು ಮೊನ್ನೆ ನನ್ನ ಕೈಗೆ ಬಂತು. ಗ್ರೀಸ್ ದೇಶದ ನೋಟ. 19ನೆಯ ಶತಮಾನದ ಆರಂಭದ್ದು. ಗುಡ್ಡದ ಮೇಲೆ ಮುರಿದ ದೇಗುಲದ ಕಂಬಗಳು, ಅದರ ಹಿಂದೆ ಸಂಜೆಯ ಬೆಳಕು, ಮೂಲೆಯಲ್ಲಿ ಇರುವೆಯಷ್ಟು ಚಿಕ್ಕವನಾದ ಒಬ್ಬ ಕುರಿ ಕಾಯುವವ. ಕೆಳಗೆ "ಚಿತ್ರಕಾರ: ತಿಳಿಯದು" ಎಂದು ಬರೆದಿದೆ. ಚಿತ್ರ ಚೆಲುವಾಗಿದೆ, ಸುಳ್ಳು ಹೇಳಲಾರೆ. ಆದರೆ ಗಿರಣಿಯ ತಾನಿನ ಮೇಲೆ ಮಾಲೀಕನ ಮುದ್ರೆಯನ್ನಲ್ಲದೆ ನೇದವನ ಹೆಸರನ್ನು ಎಂದೂ ಕಾಣದ ನಮಗೆ ಆ "ತಿಳಿಯದು" ಎಂಬ ಮಾತು ಹೊಸದೇನಲ್ಲ.

ಆ ಕಾಲದಲ್ಲಿ ಯುರೋಪಿನ ಸಿರಿವಂತರಿಗೆ ಪ್ರಾಚೀನ ನಾಡುಗಳ ಹುಚ್ಚು ಹಿಡಿದಿತ್ತು. ಕ್ಯಾಮೆರಾ ಇನ್ನೂ ಬಂದಿರಲಿಲ್ಲ. ಪ್ರವಾಸ ಹೊರಟ ಧಣಿ ಚಿತ್ರ ಬರೆಯುವವನನ್ನೂ ಸಂಬಳ ಕೊಟ್ಟು ಜೊತೆಗೆ ಒಯ್ಯುತ್ತಿದ್ದ. 1799ರಲ್ಲಿ ಬ್ರಿಟಿಷ್ ರಾಯಭಾರಿಯಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ಲಾರ್ಡ್ ಎಲ್ಗಿನ್, ಟರ್ನರ್ ಎಂಬ ತರುಣ ಚಿತ್ರಕಾರನನ್ನು ಕರೆದ. ಬರೆದುದೆಲ್ಲ ಧಣಿಯ ಸೊತ್ತಾಗಬೇಕೆಂಬುದು ಷರತ್ತು. ಟರ್ನರ್ ವರ್ಷಕ್ಕೆ 400 ಪೌಂಡು ಕೇಳಿದ. ಮಾತು ಮುರಿಯಿತು. ಮುಂದೆ ಲುಸಿಯೇರಿ ಎಂಬ ಇಟಲಿಯವನು 200 ಪೌಂಡಿಗೆ ಸಿಕ್ಕಿದ. ಕೂಲಿಯ ಪೇಟೆಯಲ್ಲಿ ಎರಡನೆಯವನು ಸದಾ ಸಿಗುತ್ತಾನೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಲುಸಿಯೇರಿ ಚಿತ್ರ ಬರೆದುದಕ್ಕಿಂತ ಹೆಚ್ಚಾಗಿ ಮೇಸ್ತ್ರಿಗಿರಿ ಮಾಡಿದ. ಪಾರ್ಥೆನಾನ್ ದೇಗುಲದ ಅಮೃತಶಿಲೆಯ ಶಿಲ್ಪಗಳನ್ನು ಕೀಳಿಸಿ ಹಡಗಿಗೇರಿಸುವುದು ಅವನ ಪಾಲಿಗೆ ಬಂತು. 1816ರಲ್ಲಿ ಬ್ರಿಟಿಷ್ ಸರ್ಕಾರ ಅವುಗಳನ್ನು 35,000 ಪೌಂಡಿಗೆ ಎಲ್ಗಿನ್‌ನಿಂದ ಕೊಂಡಿತು. (ಖರ್ಚು ಅದಕ್ಕೂ ಹೆಚ್ಚಾಯಿತೆಂದು ಲಾರ್ಡ್ ಸಾಹೇಬರು ಗೋಳಾಡಿದ್ದೂ ಉಂಟು.) ಲುಸಿಯೇರಿ 1821ರಲ್ಲಿ ಅಥೆನ್ಸಿನಲ್ಲೇ ಸತ್ತ. ಅವನ ಚಿತ್ರಗಳಲ್ಲಿ ಬಹುಪಾಲು 1828ರಲ್ಲಿ ಕ್ರೀಟ್ ದ್ವೀಪದ ಬಳಿ ಹಡಗು ಒಡೆದು ಸಮುದ್ರದ ಪಾಲಾದವು. ಹೆಸರು ಉಳಿದವನ ಗತಿಯೇ ಇದು.

ಇನ್ನು ಆ ಕುರಿ ಕಾಯುವವ. ಕಂಬ ಎಷ್ಟು ಎತ್ತರವೆಂದು ತೋರಿಸಲು ಅವನನ್ನು ಅಲ್ಲಿ ನಿಲ್ಲಿಸಿದ್ದಾರೆ, ಅಷ್ಟೆ. ನಿಜವಾಗಿ ಅಥೆನ್ಸಿನ ಆ ಗುಡ್ಡ ಆಗ ಬರಿದಾಗಿರಲಿಲ್ಲ. ತುರ್ಕಿ ಕಾವಲು ಪಡೆಯವರ ಮನೆಗಳಿದ್ದವು, ಪಾರ್ಥೆನಾನಿನ ಒಳಗೇ ಒಂದು ಚಿಕ್ಕ ಮಸೀದಿ ಇತ್ತು, ಬುಡದಲ್ಲಿ ಊರಿತ್ತು. ಇದನ್ನೆಲ್ಲ ಇದ್ದಂತೆಯೇ ಬರೆದ ಪ್ರಾಮಾಣಿಕರೂ ಉಂಟು. ನಾನು ನೋಡಿದ ಚಿತ್ರದಲ್ಲಿ ಮಾತ್ರ ಒಂದು ಒಲೆಯ ಹೊಗೆಯೂ ಇಲ್ಲ.

ಶಿಲ್ಪಗಳನ್ನು ಅಲ್ಲಿಯೇ ಬಿಟ್ಟಿದ್ದರೆ ಹಾಳಾಗುತ್ತಿದ್ದವೆಂದು ಎಲ್ಗಿನ್ ವಾದಿಸಿದ. ಅದರಲ್ಲಿ ಹುರುಳೇ ಇಲ್ಲವೆನ್ನಲಾರೆ. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದೂ ನಿಜ. ಆದರೆ ಅಪ್ಪಣೆ ಕೇಳಿದ್ದು ಆಳುತ್ತಿದ್ದ ತುರ್ಕರನ್ನು, ಗ್ರೀಕರನ್ನಲ್ಲ. ಚಿತ್ರದಲ್ಲಿಯೇ ಇಲ್ಲದ ಜನರನ್ನು ಕೇಳುವುದಾದರೂ ಏನು? ಆ ಜನರೇ 1821ರಲ್ಲಿ ಬಂದೂಕು ಹಿಡಿದು ದಂಗೆ ಎದ್ದರು. ಹತ್ತು ವರ್ಷ ಕಳೆಯುವುದರೊಳಗೆ ಅವರದು ಸ್ವತಂತ್ರ ರಾಷ್ಟ್ರವೆಂದು ಬ್ರಿಟನ್ನೂ ಒಪ್ಪಬೇಕಾಯಿತು.

ಶಿಲ್ಪಗಳನ್ನು ಹಿಂದಕ್ಕೆ ಕೊಡಿರೆಂದು 1983ರಲ್ಲಿ ಗ್ರೀಸಿನ ಸಮಾಜವಾದಿ ಸರ್ಕಾರ ವಿಧಿಪೂರ್ವಕವಾಗಿ ಕೇಳಿತು. ಮುಂದೆ ನಿಂತವರು ಸಂಸ್ಕೃತಿ ಖಾತೆಯ ಮಂತ್ರಿ, ನಟಿ ಮೆಲಿನಾ ಮೆರ್ಕೌರಿ. ಬ್ರಿಟನ್ ಒಪ್ಪಲಿಲ್ಲ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಬಹುಕಾಲ ಅವುಗಳನ್ನು ಕೆತ್ತಿದವರ ಹೆಸರಿನಿಂದಲ್ಲ, ಕಿತ್ತವನ ಹೆಸರಿನಿಂದ, "ಎಲ್ಗಿನ್ ಶಿಲೆಗಳು" ಎಂದೇ ಕರೆದರು.